ಕಾರ್ಖಾನೆಯಿಂದ ಕಲ್ಲಿಗೆ

2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಬಾಲರಾಮನ ಪ್ರತಿಷ್ಠೆಯಾದ ಮೇಲೆ ಮದುವೆಮನೆಗಳಲ್ಲಿ ನನ್ನ ಬೆಲೆ ಸ್ವಲ್ಪ ಏರಿದೆ. ಮೊದಲೆಲ್ಲ ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತವರು ‘ಏನು ಮಾಡ್ಕೊಂಡಿದೀರಿ?’ ಎಂದು ಕೇಳಿ, ನಾನು ‘ಕಲ್ಲು ಕೆತ್ತುತ್ತೇನೆ, ಚಿತ್ರ ಬರೆಯುತ್ತೇನೆ’ ಎಂದರೆ, ಹಪ್ಪಳ ಮುರಿಯುತ್ತಾ ಮಾತು ಬದಲಿಸುತ್ತಿದ್ದರು. ಈಗ ಹಾಗಲ್ಲ. ‘ಓಹೋ, ನಮ್ಮ ಮೈಸೂರಿನ ಅರುಣ್ ಯೋಗಿರಾಜ್ ತರಹ! ಅವರೂ ಎಂಬಿಎ ಓದಿ, ಕಂಪೆನಿ ಕೆಲಸ ಬಿಟ್ಟು ಶಿಲ್ಪಿಯಾದವರಲ್ಲವೇ?’ ಎಂದು ಎಲೆಯ ಮೇಲಿಂದ ಕೈ ಎತ್ತಿ ನನ್ನ ಕಡೆ ತಿರುಗುತ್ತಾರೆ.

ಹೋಲಿಕೆ ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ನಿಜ ಹೇಳಬೇಕಲ್ಲ. ಅರುಣ್ ಅವರದು ತಲೆಮಾರುಗಳಿಂದ ಉಳಿ ಹಿಡಿದ ಮನೆತನ. ನಮ್ಮ ಮನೆತನದಲ್ಲಿ ಶಾನುಭೋಗರಿದ್ದರು, ಪ್ರೈಮರಿ ಶಾಲೆಯ ಮೇಷ್ಟರಿದ್ದರು, ಒಬ್ಬರು ಪೋಸ್ಟ್‌ಮಾಸ್ಟರೂ ಆಗಿದ್ದರು. ಉಳಿಯ ತಂಟೆಗೆ ಹೋದವರು ಯಾರೂ ಇಲ್ಲ. ಅವರು ತಮ್ಮ ಮನೆಗೆ ಹಿಂತಿರುಗಿದರು. ನಾನು ಮನೆ ಬಿಟ್ಟು ಹೊರಟೆ. ಹೊರಟಾಗ ನನಗೆ ನಲವತ್ಮೂರು ವರ್ಷ. ತಲೆಯಲ್ಲಿ ಅರ್ಧ ಕೂದಲು, ಆರನೇ ತರಗತಿ ಮುಗಿಸಿದ ಮಗಳು, ಖಾಸಗಿ ಶಾಲೆಯೊಂದರಲ್ಲಿ ಟೀಚರ್ ಆಗಿದ್ದ ಹೆಂಡತಿ, ಇಷ್ಟು ನನ್ನ ಆಸ್ತಿ.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ 1979ರಲ್ಲಿ ನಾನು ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆ ಸೇರಿದೆ. ಹೆಸರು ಬೇಡ, ಅನ್ನ ಹಾಕಿದ ಮನೆ. ನನಗೆ ಸಿಕ್ಕಿದ್ದು ಇನ್‌ಸ್ಪೆಕ್ಷನ್ ವಿಭಾಗ. ಬೇರೆಯವರು ಮಾಡಿದ ಭಾಗಗಳನ್ನು ಅಳೆದು, ತಟ್ಟಿ, ನೋಡಿ ಸರಿಯೋ ತಪ್ಪೋ ಹೇಳುವ ಕೆಲಸ. ಮೈಕ್ರೋಮೀಟರ್ ಹಿಡಿದರೆ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗ ನಮ್ಮ ಲೆಕ್ಕ. ಮೇಜಿನ ಮೇಲೆ ಮೂರು ಬಣ್ಣದ ಚೀಟಿಗಳ ಕಟ್ಟು. ಹಸಿರು ಚೀಟಿ ಕಟ್ಟಿದರೆ ಪಾಸು. ಕೆಂಪು ಕಟ್ಟಿದರೆ ರಿಜೆಕ್ಟು. ಹಳದಿ ಚೀಟಿ ಅಪರೂಪದ್ದು. ಅದಕ್ಕೆ ‘ಡೀವಿಯೇಷನ್’ ಎನ್ನುತ್ತಿದ್ದೆವು. ಅಂದರೆ, ದೋಷವಿದೆ, ಅದು ಇಂಥಲ್ಲಿ ಇಷ್ಟಿದೆ ಎಂದು ಬರೆದಿಟ್ಟಿದ್ದೇವೆ, ಆದರೂ ಬಳಸಬಹುದು. ಪ್ರತಿಯೊಬ್ಬ ಇನ್‌ಸ್ಪೆಕ್ಟರಿಗೂ ಒಂದು ಮುದ್ರೆ. ನನ್ನ ಮುದ್ರೆಯ ಸಂಖ್ಯೆ 47. ಇಪ್ಪತ್ತೆರಡು ವರ್ಷ ಆ ಮುದ್ರೆ ಒತ್ತಿದೆ. ಬಹುಪಾಲು ಹಸಿರು, ಒಂದಿಷ್ಟು ಕೆಂಪು. ಹಳದಿ ಚೀಟಿಗೆ ಮೇಲಿನವರ ಸಹಿ ಬೇಕಾಗಿತ್ತಾದ್ದರಿಂದ ಅದರ ಗೋಜಿಗೆ ಹೋಗುತ್ತಿದ್ದದ್ದು ಕಡಿಮೆ.

ಬೆಂಗಳೂರಿನ ಕಾರ್ಖಾನೆಗಳಲ್ಲಿ ಆಯುಧಪೂಜೆ ಎಂದರೆ ಏನೆಂದು ಅಲ್ಲಿ ದುಡಿದವರಿಗೇ ಗೊತ್ತು. ಯಂತ್ರಗಳಿಗೆಲ್ಲ ಕುಂಕುಮ, ಬಾಳೆಕಂದು, ಬೂದುಗುಂಬಳಕಾಯಿ. ವಿಭಾಗ ವಿಭಾಗಗಳ ನಡುವೆ ಅಲಂಕಾರದ ಪೈಪೋಟಿ. 1989ರಲ್ಲಿ ನಮ್ಮವರು ‘ನೀವು ಡ್ರಾಯಿಂಗ್ ಚೆನ್ನಾಗಿ ಹಾಕ್ತೀರಿ, ಏನಾದ್ರೂ ಮಾಡಿ’ ಎಂದು ನನ್ನ ತಲೆಗೆ ಕಟ್ಟಿದರು. ಡ್ರಾಯಿಂಗಿಗೂ ಚಿತ್ರಕ್ಕೂ ಏನು ಸಂಬಂಧವೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಪಾಟರಿ ಟೌನಿಗೆ ಹೋಗಿ ಎರಡು ಮೂಟೆ ಹದ ಮಾಡಿದ ಮಣ್ಣು ತಂದೆ. ಕುಂಬಾರರೊಬ್ಬರು ‘ಒಳಗೆ ಗಾಳಿ ಉಳಿಯಬಾರದು, ಹೊರಗೆ ನೀರು ಆರಬಾರದು’ ಎಂದು ಎರಡೇ ಮಾತಿನ ಪಾಠ ಹೇಳಿ ಕಳಿಸಿದರು. ಕಬ್ಬಿಣದ ಸರಳು, ತಂತಿ ಸೇರಿಸಿ ಒಂದು ಅಸ್ಥಿಪಂಜರ ಕಟ್ಟಿ, ಅದರ ಮೇಲೆ ಮಣ್ಣು ಮೆತ್ತಿ, ಲೇತ್ ಮುಂದೆ ಬಗ್ಗಿ ನಿಂತ ಒಬ್ಬ ಮನುಷ್ಯನನ್ನು ಮಾಡಿದೆ. ನಾಲ್ಕು ರಾತ್ರಿ ಹಿಡಿಯಿತು. ಮುಖ ಸರಿ ಬರಲೇ ಇಲ್ಲ. ಹಾಗಾಗಿ ಮುಖವನ್ನು ಲೇತ್ ಕಡೆಗೆ ತಿರುಗಿಸಿ, ನೋಡುವವರಿಗೆ ಬೆನ್ನು ಕಾಣುವಂತೆ ಇಟ್ಟುಬಿಟ್ಟೆ.

ಪೂಜೆಯ ದಿನ ಟೂಲ್‌ರೂಮಿನ ಹಿರಿಯ ಟರ್ನರ್, ಎಲ್ಲರೂ ‘ಮೇಸ್ತ್ರಿ’ ಎಂದು ಕರೆಯುತ್ತಿದ್ದವರು, ಬಂದು ಅದರ ಹಿಂದೆ ನಿಂತರು. ಬಹಳ ಹೊತ್ತು ನಿಂತರು. ಆಮೇಲೆ ಸುತ್ತಲಿದ್ದವರನ್ನು ಕೇಳಿದರು: ‘ನನ್ ಬೆನ್ನು ಹಿಂಗೈತೇನ್ರಪ್ಪಾ?’

ಎಲ್ಲರೂ ನಕ್ಕರು. ನಾನು ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರಲಿಲ್ಲ. ಆದರೆ ಹತ್ತು ವರ್ಷ ದಿನಾ ನೋಡಿದ ಬೆನ್ನು ಕೈಗೆ ಬಂದುಬಿಟ್ಟಿತ್ತು. ಎಡ ಭುಜ ಸ್ವಲ್ಪ ಕೆಳಗೆ, ಕತ್ತು ಮುಂದೆ. ಮೂವತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತರೆ ಮನುಷ್ಯ ಆ ಯಂತ್ರದ ಆಕಾರಕ್ಕೇ ಬರುತ್ತಾನೆ. ಮೇಸ್ತ್ರಿ ನಗಲಿಲ್ಲ. ಮಾರನೇ ವರ್ಷ ನಿವೃತ್ತರಾದರು. ಮಣ್ಣಿನ ಆ ಬೊಂಬೆ ಒಣಗಿ, ಬಿರುಕು ಬಿಟ್ಟು, ವಾರದಲ್ಲಿ ಉದುರಿಹೋಯಿತು. ಅವರ ಪ್ರಶ್ನೆ ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು. ಅಲ್ಲಿಯವರೆಗೆ ನಾನು ಮಾಡಿದ ಯಾವ ಅಳತೆಯೂ ಯಾರನ್ನೂ ಅಷ್ಟು ಹೊತ್ತು ನಿಲ್ಲಿಸಿರಲಿಲ್ಲ.

ಅದಾದ ಮೇಲೆ ಭಾನುವಾರಗಳು ಕೆಟ್ಟವು. ಹಿತ್ತಿಲಿನಲ್ಲಿ ಮಣ್ಣು, ಒದ್ದೆ ಗೋಣಿಚೀಲ, ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಹೋಗಿ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿದ್ದವರು, ವೀಣೆ ನುಡಿಸುತ್ತಿದ್ದವರು, 1965ರಲ್ಲಿ ತೀರಿಕೊಂಡವರು ಎಂಬುದೆಲ್ಲ ಆಮೇಲೆ ಓದಿ ತಿಳಿದದ್ದು. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಊಟಿ, ಕೊಡೈಕೆನಾಲಿನ ಜಲವರ್ಣ ಚಿತ್ರಗಳು. ಬೆಟ್ಟದ ಮೇಲೆ ಮಂಜು ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿದರೆ ಗೆರೆಯೇ ಇಲ್ಲ! ನಮ್ಮ ಡ್ರಾಯಿಂಗ್ ಹಾಳೆಯಲ್ಲಿ ಗೆರೆ ಇಲ್ಲದಿದ್ದರೆ ವಸ್ತುವೇ ಇಲ್ಲ. ಇಲ್ಲಿ ಗೆರೆ ಇಲ್ಲದಿರುವುದೇ ವಸ್ತು. ಎಂಜಿನಿಯರ್ ತಲೆಗೆ ಇದು ಇಳಿಯಲು ವರ್ಷಗಳೇ ಬೇಕಾದವು.

ಹೀಗೆ ಹೇಳಿದರೆ ನಾನು ಕಲೆಗಾಗಿ ಕೆಲಸಕ್ಕೆ ಒದ್ದು ಬಂದೆ ಎಂದು ನೀವು ತಿಳಿಯುತ್ತೀರಿ. ನನ್ನ ಗೆಳೆಯರೂ ಹಾಗೇ ಹೇಳಿಕೊಂಡು ತಿರುಗುತ್ತಾರೆ. ಸತ್ಯ ಅಷ್ಟು ಚೆಂದವಾಗಿಲ್ಲ. 2001ರಲ್ಲಿ ಕಾರ್ಖಾನೆಗೆ ಆರ್ಡರ್ ಕಡಿಮೆಯಾಗಿತ್ತು. ಸ್ವಯಂ ನಿವೃತ್ತಿಯ ಸುತ್ತೋಲೆ ಬಂತು. ವಿಆರ್‌ಎಸ್ ಎಂಬ ಮೂರಕ್ಷರ ಆ ಕಾಲದಲ್ಲಿ ಎಷ್ಟು ಮನೆಗಳ ಊಟದ ಹೊತ್ತಿನ ಮಾತಾಗಿತ್ತೆಂದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ಸುತ್ತೋಲೆ ಬರದಿದ್ದರೆ ನಾನು ಖಂಡಿತ ಅರವತ್ತರವರೆಗೆ ಮುದ್ರೆ ಒತ್ತುತ್ತಾ, ಭಾನುವಾರ ಮಣ್ಣು ಮೆತ್ತುತ್ತಾ ಇರುತ್ತಿದ್ದೆ. ಧೈರ್ಯ ನನ್ನದಲ್ಲ, ಸುತ್ತೋಲೆಯದು.

ಸಹಿ ಹಾಕುವ ಹಿಂದಿನ ರಾತ್ರಿ ಹೆಂಡತಿಯನ್ನು ಕೇಳಿದೆ. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು. ‘ನೀವು ಕೇಳ್ತಾ ಇದೀರೋ, ಹೇಳ್ತಾ ಇದೀರೋ?’ ಎಂದಳು. ನಾನು ಸುಮ್ಮನಿದ್ದೆ. ‘ಹಾಗಾದ್ರೆ ಹೇಳ್ತಾ ಇದೀರಿ’ ಎಂದು ಇನ್ನೊಂದು ಪತ್ರಿಕೆ ತೆಗೆದುಕೊಂಡಳು. ಊರಿನಲ್ಲಿದ್ದ ಅಪ್ಪನಿಗೆ ಕಾಗದ ಬರೆದೆ. ಅವರಿಂದ ಇನ್‌ಲ್ಯಾಂಡ್ ಬಂತು. ಕ್ಷೇಮ ಸಮಾಚಾರ, ಮಳೆ, ತೆಂಗಿನ ಫಸಲು ಎಲ್ಲ ಬರೆದು ಕೊನೆಯಲ್ಲಿ ಒಂದೇ ಸಾಲು: ಮಗುವಿನ ಓದು ಮುಗಿಯುವವರೆಗೆ ಕಾಯಬಹುದಿತ್ತು.

ಬಂದ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಬಡ್ಡಿಯಲ್ಲಿ ಬದುಕುವ ಲೆಕ್ಕ ಹಾಕಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು. ಬಡ್ಡಿದರ ಹಾಗೇ ಇರುತ್ತದೆಂಬ ನಂಬಿಕೆ ತಪ್ಪಾಗಿತ್ತು. ಎರಡು ಮೂರು ವರ್ಷಗಳಲ್ಲಿ ದರ ಇಳಿದು ಇಳಿದು ನಮ್ಮ ತಿಂಗಳ ಕೊನೆಯ ವಾರವನ್ನು ನುಂಗತೊಡಗಿತು. ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಡ್ರಾಯಿಂಗ್ ಹಾಕಿಕೊಡುವ ಕೆಲಸ ಹಿಡಿದೆ. ಬೆಳಿಗ್ಗೆ ಬುಷ್ಷು, ಬೇರಿಂಗ್ ಕವರು. ಮಧ್ಯಾಹ್ನದ ಮೇಲೆ ಮಣ್ಣು. ಹೆಂಡತಿ ಮನೆಪಾಠ ಹೆಚ್ಚಿಸಿಕೊಂಡಳು.

ಕಲ್ಲಿನ ಹುಚ್ಚು ಹತ್ತಿದ್ದು ಆಗಲೇ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಬಸ್ಸಿಳಿದರೆ ಬೀದಿಯುದ್ದಕ್ಕೂ ಟಕ್ ಟಕ್ ಸದ್ದು, ಮನೆಗಳ ಮುಂದೆ ಅರೆಬರೆ ದೇವರುಗಳು. ಅಲ್ಲಿ ಒಬ್ಬ ವೃದ್ಧ ಆಚಾರ್ಯರು ನನ್ನನ್ನು ತಮ್ಮ ಚಪ್ಪರದಲ್ಲಿ ಕೂರಲು ಬಿಟ್ಟರು. ಕಲಿಸುತ್ತೇನೆಂದು ಅವರು ಹೇಳಲಿಲ್ಲ, ಕಲಿಸಿ ಎಂದು ನಾನೂ ಕೇಳಲಿಲ್ಲ. ನೋಡುತ್ತಿದ್ದೆ, ಅಷ್ಟೆ. ಮೂರ್ತಿಯ ಎತ್ತರವನ್ನು ಅವರು ಅಡಿ ಅಂಗುಲದ ಟೇಪಿನಲ್ಲಿ ಅಳೆಯುವುದಿಲ್ಲ. ಮುಖದ ಉದ್ದವೇ ಒಂದು ತಾಳ. ನವತಾಳದ ಮೂರ್ತಿಯೆಂದರೆ ಒಂಬತ್ತು ತಾಳ, ತಾಳಕ್ಕೆ ಹನ್ನೆರಡು ಅಂಗುಲದಂತೆ ನೂರೆಂಟು ಅಂಗುಲ. ಆ ಅಂಗುಲ ಅಂಗಡಿಯ ಸ್ಕೇಲಿನದಲ್ಲ, ಆ ಮೂರ್ತಿಯದೇ. ಗೇಣುದ್ದದ ಮೂರ್ತಿಗೂ ನೂರೆಂಟೇ, ಆಳುದ್ದದ ಮೂರ್ತಿಗೂ ನೂರೆಂಟೇ. ಇಪ್ಪತ್ತೆರಡು ವರ್ಷ ಎಲ್ಲ ವಸ್ತುವಿಗೂ ಒಂದೇ ಅಳತೆಗೋಲು ಹಿಡಿದ ನನಗೆ, ವಸ್ತು ತನ್ನ ಅಳತೆಯನ್ನು ತಾನೇ ಹೊತ್ತಿರುತ್ತದೆ ಎಂಬುದು ಹೊಸ ಮಾತಾಗಿತ್ತು.

ನನ್ನ ಹಳೆಯ ವಿದ್ಯೆ ಅಲ್ಲಿ ಮಾನ ಉಳಿಸಿದ ಸಂದರ್ಭವೂ ಒಂದಿದೆ. ಕಲ್ಲಿಗೆ ಹೊಡೆದು ಹೊಡೆದು ಚಾಣದ ಮೊನೆ ಮೊಂಡಾಗುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ತಟ್ಟಿ, ನೀರಿಗೆ ಅದ್ದಿ, ಮತ್ತೆ ಹದವಾಗಿ ಬಿಸಿ ಏರಿಸುತ್ತಾರೆ. ಉಕ್ಕಿನ ಮೈಮೇಲೆ ಆಗ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಸರಿಯಾದ ಬಣ್ಣಕ್ಕೆ ಹಿಡಿದು ತಣಿಸಿದರೆ ಮೊನೆ ಉಳಿಯುತ್ತದೆ. ಬೇಗ ತೆಗೆದರೆ ಚಾಣ ಗಾಜಿನಂತೆ ಮುರಿಯುತ್ತದೆ, ತಡವಾದರೆ ಮೆತ್ತಗಾಗುತ್ತದೆ. ‘ಹುಲ್ಲಿನ ಬಣ್ಣಕ್ಕೆ ಇನ್ನೂರಮೂವತ್ತು ಡಿಗ್ರಿ, ನೇರಳೆಗೆ ಇನ್ನೂರೆಪ್ಪತ್ತು, ಇನ್ನೂರೆಂಬತ್ತು’ ಎಂದು ನಾನು ಪಾಂಡಿತ್ಯ ತೋರಿಸಿದೆ. ಆಚಾರ್ಯರು ಇಕ್ಕಳದಲ್ಲಿ ಚಾಣ ಹಿಡಿದೇ ನನ್ನ ಕಡೆ ನೋಡಿದರು. ‘ಅಷ್ಟೊಂದ್ ಬಿಸೀನಾ ಸಾಮಿ? ಗೊತ್ತಿದ್ರೆ ಹೆದ್ರುತಿದ್ದೆ’ ಎಂದು ನಕ್ಕರು. ಅಂದಿನಿಂದ ಅವರ ಚಾಣಗಳಿಗೆ ಹದ ಹಾಕುವ ಕೆಲಸದಲ್ಲಿ ನನಗೂ ಪಾಲು ಸಿಕ್ಕಿತು.

ಕಲ್ಲನ್ನು ಕೇಳುವುದನ್ನು ತೋರಿಸಿದವರೂ ಅವರೇ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಗಂಟೆಯ ಹಾಗೆ ನಾದ ಬಂದರೆ ಗಂಡು ಕಲ್ಲು, ಕಂಚಿನ ಹಾಗೆ ಬಂದರೆ ಹೆಣ್ಣು ಕಲ್ಲು, ನಾದವೇ ಇಲ್ಲದಿದ್ದರೆ ನಪುಂಸಕ ಕಲ್ಲು, ಮೂರ್ತಿಗೆ ಬಾರದು. ಶಾಸ್ತ್ರದ ಹೆಸರುಗಳು ಏನೇ ಇರಲಿ, ನಾವು ಕಾರ್ಖಾನೆಯಲ್ಲಿ ಎರಕದ ಭಾಗಗಳನ್ನು ತಟ್ಟಿ ನೋಡುತ್ತಿದ್ದದ್ದೂ ಇದೇ. ಒಳಗೆ ಒಡಕಿದ್ದರೆ ಸದ್ದು ಸಾಯುತ್ತದೆ.

2006ರ ಜನವರಿ. ಮೇಸ್ತ್ರಿಯ ಬೆನ್ನನ್ನು ಕಲ್ಲಿನಲ್ಲಿ ಮಾಡಬೇಕೆಂಬ ಆಸೆ ಹದಿನೇಳು ವರ್ಷದಿಂದ ಇತ್ತು. ಮೂರಡಿ ಎತ್ತರ, ಒಂದೂವರೆ ಅಡಿ ಚಚ್ಚೌಕದ ಒಂದು ಕೃಷ್ಣಶಿಲೆ ಕಣ್ಣಿಗೆ ಬಿತ್ತು. ತೂಕ ಲೆಕ್ಕ ಹಾಕಿದೆ: ಐನೂರ ಮೂವತ್ತು ಕಿಲೋ ಚಿಲ್ಲರೆ. ಸಾಗಣೆ ಸೇರಿ ಹದಿನಾಲ್ಕು ಸಾವಿರ ರೂಪಾಯಿ. ನನ್ನ ಬಳಿ ಇರಲಿಲ್ಲ. ಮಗಳು ಮುಂದಿನ ವರ್ಷ ಸಿಇಟಿ ಬರೆಯಬೇಕಿತ್ತು. ಅವಳ ಕೋಚಿಂಗಿಗೆಂದು ಹೆಂಡತಿ ಮನೆಪಾಠದ ದುಡ್ಡು ಕೂಡಿಟ್ಟಿದ್ದಳು. ಬೀರುವಿನಿಂದ ಅದನ್ನು ತೆಗೆದುಕೊಂಡೆ. ಮೂರು ತಿಂಗಳಲ್ಲಿ ವಾಪಸು ಇಡುತ್ತೇನೆಂದುಕೊಂಡೆ. ಕೇಳಲಿಲ್ಲ. ಈ ಸಲ ಹೇಳಲೂ ಇಲ್ಲ.

ದುಡ್ಡು ಕೊಟ್ಟೆ. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಕಲ್ಲನ್ನು ನಾಲ್ಕೂ ಕಡೆ ತಟ್ಟಿದೆ. ಮೂರು ಕಡೆ ಗಂಟೆ. ನಾಲ್ಕನೆಯ ಕಡೆ, ಮೇಲಿನ ಮೂಲೆಯಲ್ಲಿ, ಸದ್ದು ಸ್ವಲ್ಪ ಮಂಕಾಗಿತ್ತು. ಕೇಳಿಸಲಿಲ್ಲವೆಂದು ಹೇಳಲಾರೆ, ಕೇಳಿಸಿತು. ಮತ್ತೊಮ್ಮೆ ತಟ್ಟಲಿಲ್ಲ. ಬೇರೆಯವರ ಕೆಲಸವಾಗಿದ್ದರೆ ಆ ಕ್ಷಣ ಕೆಂಪು ಚೀಟಿ ಕಟ್ಟುತ್ತಿದ್ದೆ. ಇದು ನನ್ನದು, ದುಡ್ಡು ಕೊಟ್ಟಾಗಿತ್ತು, ಲಾರಿ ನಿಂತಿತ್ತು.

ಎಂಟು ತಿಂಗಳು ಕೆತ್ತಿದೆ. ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ. ಕಲ್ಲಿನ ದೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ನನಗೆ ತಿಳಿದಿತ್ತು. ಬೆನ್ನು ಮೂಡಿತು. ಕುತ್ತಿಗೆಯ ಬಾಗು ಮೂಡಿತು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಎಡ ಭುಜದ ಕೆಳಗೆ ಮೊನೆಚಾಣ ಇಟ್ಟು ಹೊಡೆದಾಗ ಸದ್ದು ಬದಲಾಯಿತು. ಕೈ ತಡೆಯುವಷ್ಟರಲ್ಲಿ ಇನ್ನೊಂದು ಪೆಟ್ಟು ಬಿದ್ದಿತ್ತು. ಭುಜದಿಂದ ಮೊಣಕೈವರೆಗಿನ ತುಂಡು ಕಳಚಿ ನನ್ನ ಕಾಲಿನ ಪಕ್ಕ ಬಿತ್ತು.

ಆಮೇಲೆ ಒಂದು ಕೆಲಸ ಮಾಡಿದೆ. ಬಕೆಟ್ಟಿನಲ್ಲಿ ನೀರು ತಂದು ಇಡೀ ಕಲ್ಲಿನ ಮೇಲೆ ಸುರಿದು, ಕುಳಿತು ಕಾದೆ. ಮೈಯೆಲ್ಲ ಆರಿತು. ಒಡೆದ ಅಂಚಿನಿಂದ ಬೆನ್ನಿನ ನಡುವಿನವರೆಗೆ ಕೂದಲೆಳೆಯಷ್ಟು ಒಂದು ಗೆರೆ ಮಾತ್ರ ತೇವವಾಗಿಯೇ ಉಳಿಯಿತು. ಒಡಕಿನಲ್ಲಿ ಹೊಕ್ಕ ನೀರು ಬೇಗ ಆರುವುದಿಲ್ಲ. ಎಷ್ಟು ಸುಲಭದ ಪರೀಕ್ಷೆ! ಎಂಟು ತಿಂಗಳ ಹಿಂದೆ ಮಾಡಿದ್ದರೆ ಒಂದು ಬಕೆಟ್ ನೀರಿನ ಖರ್ಚು. ಕಾರ್ಖಾನೆಯಲ್ಲಿ ಲೋಹದ ಭಾಗಗಳಿಗೆ ನಾವು ಕೆಂಪು ದ್ರವ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿ ಮಾಡುತ್ತಿದ್ದದ್ದೂ ಇದೇ ಉಪಾಯ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ರಕ್ತದಂತೆ ಒಸರುತ್ತದೆ.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ನಿಮಗೆ ಗೊತ್ತೇ ಇದೆ. ಜಕಣಾಚಾರಿ ಕೆತ್ತಿದ ಮೂರ್ತಿಯಲ್ಲಿ ದೋಷವಿದೆ ಎಂದ ಹುಡುಗ ಡಂಕಣ ಮೂರ್ತಿಗೆ ಗಂಧ ಬಳಿಯುತ್ತಾನೆ. ಎಲ್ಲ ಕಡೆ ಗಂಧ ಆರಿ, ಹೊಕ್ಕುಳ ಬಳಿ ಮಾತ್ರ ಹಸಿಯಾಗಿ ಉಳಿಯುತ್ತದೆ. ಅಲ್ಲಿ ಒಡೆದರೆ ನೀರು, ಕಪ್ಪೆ. ಜಕಣಾಚಾರಿ ತನ್ನ ಕೈ ಕತ್ತರಿಸಿಕೊಳ್ಳುತ್ತಾನೆ. ಕಥೆಯೋ ಚರಿತ್ರೆಯೋ ಪಂಡಿತರು ವಾದಿಸಲಿ. ಆದರೆ ಇದನ್ನು ಕಟ್ಟಿದವನಿಗೆ ಕಲ್ಲಿನ ಪರೀಕ್ಷೆ ಗೊತ್ತಿತ್ತೆಂದು ಹಳೆಯ ಇನ್‌ಸ್ಪೆಕ್ಟರನಾಗಿ ನಾನು ಪ್ರಮಾಣ ಮಾಡಬಲ್ಲೆ. ಕೈ ಕತ್ತರಿಸಿಕೊಳ್ಳುವ ಮಾತು ಬೇಡ. ನನಗೆ ಆ ದಿನ ಬೇಕಾಗಿದ್ದದ್ದು ಹೆಂಡತಿಗೆ ಹೇಳುವ ಬಾಯಿ. ಎರಡು ವಾರ ಅದು ತೆರೆಯಲಿಲ್ಲ. ತೆರೆದಾಗ ಅವಳು ‘ಬೀರು ನಾನೂ ತೆಗೀತೀನಿ ರೀ, ಜನವರೀಲೇ ಗೊತ್ತಾಗಿತ್ತು’ ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮಗಳು ಕೋಚಿಂಗಿಗೆ ಹೋಗಲಿಲ್ಲ. ಮನೆಯಲ್ಲೇ ಓದಿದಳು. ಅವಳಿಗೆ ಸರ್ಕಾರಿ ಸೀಟು ಸಿಗಲಿಲ್ಲ, ಬಿಎಸ್‌ಸಿ ಸೇರಿದಳು. ಈಗ ಕಾಲೇಜೊಂದರಲ್ಲಿ ಗಣಿತ ಹೇಳುತ್ತಾಳೆ, ಸುಖವಾಗಿದ್ದಾಳೆ. ಒಮ್ಮೆ ನಾನಾಗಿ ಆ ವಿಷಯ ಎತ್ತಿದೆ. ‘ಅಪ್ಪ, ನಾನು ಎಂಜಿನಿಯರ್ ಆಗ್ಬೇಕು ಅಂತಿದ್ದದ್ದು ನಿನಗೆ, ನನಗಲ್ಲ. ಆದ್ರೆ ಕೇಳದೆ ತಗೊಂಡಿದ್ದು ತಪ್ಪೇ’ ಎಂದಳು. ಲೆಕ್ಕದ ಮೇಡಂ, ಎರಡೂ ಸಾಲು ಬಿಡದೆ ಬರೆದಳು.

ಅದಾದ ಮೇಲೆ ಒಂದು ವರ್ಷ ಚಾಣ ಮುಟ್ಟಲಿಲ್ಲ. ಒಡೆದ ಕಲ್ಲು ಹಿತ್ತಿಲಿನ ದಾಸವಾಳದ ಗಿಡದ ಬಳಿ ನಿಂತಿತು. ಸುಮ್ಮನಿರಲಾರದೆ ಜಲವರ್ಣ ಹಿಡಿದೆ. ಬೆಟ್ಟ, ಕೆರೆ, ತೆಂಗಿನಮರ ಬರೆದೆ. ಎಲ್ಲವೂ ಕ್ಯಾಲೆಂಡರಿನಂತೆ ಬಂದವು. ಒಂದು ದಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಕೆಳಗೆ ಬಿದ್ದಿದ್ದ ಉಕ್ಕಿನ ಸುರುಳಿಗಳನ್ನು ನೋಡಿದೆ. ಬಿಸಿಗೆ ಬಣ್ಣ ತಿರುಗಿದ ಸುರುಳಿಗಳು: ಹುಲ್ಲು, ಕಂದು, ನೇರಳೆ, ನವಿಲುಕತ್ತಿನ ನೀಲಿ. ಪಕ್ಕದಲ್ಲಿ ಹಾಲಿನಂತೆ ಬೆಳ್ಳಗಿನ ಕೂಲಂಟ್ ಎಣ್ಣೆನೀರು. ಇಪ್ಪತ್ತೆರಡು ವರ್ಷ ಗುಡಿಸಿ ಹಾಕಿದ ಕಸ! ಅದನ್ನು ಬರೆದೆ. ನಾನು ಬರೆದ ಮೊದಲ ಚಿತ್ರ ಅದೇ ಎನ್ನಬೇಕು. ಹಿಂದಿನವೆಲ್ಲ ಬೇರೆಯವರ ಚಿತ್ರಗಳನ್ನು ನಾನು ಬರೆದದ್ದು. 2009ರ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಅಂಚಿನಲ್ಲಿ ಅಂಥ ಹನ್ನೊಂದು ಚಿತ್ರ ಹರಡಿಕೊಂಡು ಕುಳಿತೆ. ಸಂಜೆಯವರೆಗೆ ಒಂದು ಹೋಯಿತು, ಆರುನೂರು ರೂಪಾಯಿಗೆ. ಕೊಂಡವರು ನಿವೃತ್ತ ಫಿಟ್ಟರ್. ‘ಇದನ್ನ ಯಾರಾದ್ರೂ ಚಿತ್ರ ಬರೀತಾರಾ ಸಾರ್?’ ಎಂದು ಕೇಳುತ್ತಲೇ ಕೊಂಡರು.

ಗುರುವಿಲ್ಲದೆ ಕಲಿತವನನ್ನು ನಮ್ಮ ಜನ ಏಕಲವ್ಯ ಎಂದುಬಿಡುತ್ತಾರೆ. ಏಕಲವ್ಯ ಬಿಲ್ವಿದ್ಯೆಗೆ ಪ್ರಸಿದ್ಧ. ಆದರೆ ಅವನು ಬಾಣ ಹಿಡಿಯುವ ಮೊದಲು ಮಾಡಿದ್ದು ದ್ರೋಣನ ಮಣ್ಣಿನ ಮೂರ್ತಿ ಎಂಬುದನ್ನು ಮರೆಯುತ್ತೇವೆ. ಆ ಮೂರ್ತಿ ಹೇಗಿತ್ತೋ ಯಾರೂ ಹೇಳಿಲ್ಲ. ನನಗೆ ಸಮಾಧಾನ ಕೊಡುವವರು ಬೇರೆ ಇಬ್ಬರು. ಪ್ಯಾರಿಸ್ಸಿನ ಸುಂಕದ ಕಟ್ಟೆಯಲ್ಲಿ ಗುಮಾಸ್ತನಾಗಿದ್ದ ಹೆನ್ರಿ ರೂಸೋ, 1893ರಲ್ಲಿ ನಲವತ್ತೊಂಬತ್ತನೇ ವಯಸ್ಸಿಗೆ ಕೆಲಸ ಬಿಟ್ಟು ಪೂರ್ತಿ ಚಿತ್ರಕ್ಕಿಳಿದ. ಫ್ರಾನ್ಸ್ ಬಿಟ್ಟು ಹೋಗದೆಯೇ, ಸಸ್ಯೋದ್ಯಾನದ ಗಿಡಗಳನ್ನು ನೋಡಿಕೊಂಡು ದಟ್ಟ ಕಾಡುಗಳನ್ನು ಬರೆದ. ಜನ ನಕ್ಕರು, ಆತ ಬರೆಯುತ್ತಲೇ ಇದ್ದ. ಇನ್ನೊಬ್ಬರು ಚಂಡೀಗಢದ ನೇಕ್ ಚಂದ್. ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರ್. ಕೆಲಸ ಮುಗಿಸಿ, ಯಾರಿಗೂ ತಿಳಿಯದಂತೆ, ಒಡೆದ ಬಳೆ, ಪಿಂಗಾಣಿ ಚೂರು, ಕಟ್ಟಡಗಳ ಕಸ ಹೊತ್ತು ತಂದು ವರ್ಷಾನುಗಟ್ಟಲೆ ಕಾಡಿನಲ್ಲಿ ಬೊಂಬೆಗಳ ಲೋಕ ಕಟ್ಟಿದರು. ಅದು 1976ರಲ್ಲಿ ಜನರಿಗೆ ತೆರೆದ ರಾಕ್ ಗಾರ್ಡನ್. ಅವರೂ ಇನ್‌ಸ್ಪೆಕ್ಟರ್ ಎಂಬುದು ನನಗೆ ಹೆಚ್ಚಿನ ಸಂತೋಷ.

ಇನ್ನು ಹೆಸರಿಲ್ಲದ, ಅಲ್ಲ, ಹೆಸರಿರುವ ಗುರುಗಳು ಬೇಲೂರಿನಲ್ಲಿದ್ದಾರೆ. ಮದುವೆಯಾದ ಹೊಸತರಲ್ಲಿ ಹೋದಾಗ ಹೆಂಡತಿ ಮದನಿಕೆಯರನ್ನು ನೋಡುತ್ತಿದ್ದರೆ ನಾನು ನವರಂಗದ ಕಂಬಗಳ ಗಾಡಿಗಳಲ್ಲಿ ಉಗುರು ಓಡಿಸುತ್ತಿದ್ದೆ. ಕಲ್ಲನ್ನು ತಿರುಗಿಸಿ ಕಡೆದ ಕಂಬಗಳು! ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಲಿಯುತ್ತದೆ ನಿಜ; ಆದರೂ ಅಷ್ಟು ತೂಕದ ಕಲ್ಲನ್ನು ಓಲಾಡದಂತೆ ತಿರುಗಿಸಿದವನು ನಮ್ಮ ಮೇಸ್ತ್ರಿಯ ಪೂರ್ವಜನೇ ಸೈ. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಆ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ನನಗೆ ನೆನಪಾದದ್ದು ಆ ಹೆಸರುಗಳು. ಇದು ನನ್ನ ಕೆಲಸ, ಇದರ ಸರಿ ತಪ್ಪಿಗೆ ನಾನೇ ಹೊಣೆ ಎಂಬ ಮುದ್ರೆಗಳು ಅವು. ನನ್ನ ಯಾವ ಕೆಲಸಕ್ಕೂ ನಾನು ಬಹಳ ಕಾಲ ಹೆಸರು ಹಾಕಿರಲಿಲ್ಲ.

2019ರಲ್ಲಿ ಒಂದು ಭಾನುವಾರ ಐವತ್ತರ ಸಮೀಪದ ಒಬ್ಬರು ಮನೆಗೆ ಬಂದರು. ಪೀಣ್ಯದಲ್ಲಿ ಸ್ವಂತ ವರ್ಕ್‌ಶಾಪು, ನಾಲ್ಕು ಲೇತು. ಡ್ರಾಯಿಂಗ್ ಕೆಲಸವೊಂದರ ಬಗ್ಗೆ ಮಾತಾಡಲು ಬಂದಿದ್ದರು. ಕಾಫಿ ಕುಡಿದು, ಕೈತೊಳೆಯಲು ಹಿತ್ತಿಲಿಗೆ ಹೋದವರು ಬರಲಿಲ್ಲ. ಹೋಗಿ ನೋಡಿದರೆ ದಾಸವಾಳದ ಗಿಡದ ಹಿಂದೆ, ಅರ್ಧ ಭುಜವಿಲ್ಲದ ಆ ಕಲ್ಲಿನ ಮುಂದೆ ನಿಂತಿದ್ದರು.

‘ಇದು ನಮ್ಮಪ್ಪ ಅಲ್ವಾ ಸಾರ್?’

ಮೇಸ್ತ್ರಿ ತೀರಿಹೋಗಿ ಎಂಟು ವರ್ಷವಾಗಿತ್ತಂತೆ. ಇವರು ಅವರ ಮಗ ಎಂದು ನನಗೆ ಗೊತ್ತೇ ಇರಲಿಲ್ಲ. ಎಷ್ಟಕ್ಕೆ ಕೊಡುತ್ತೀರಿ ಎಂದರು. ಇದು ರಿಜೆಕ್ಟ್ ಆದದ್ದು, ಮಾರುವುದಿಲ್ಲ ಎಂದೆ. ಬೇಕಾದರೆ ಹೊಸದು ಮಾಡಿಕೊಡುತ್ತೇನೆಂದೆ. ‘ಹೊಸದು ಬೇಡ ಸಾರ್. ಅಪ್ಪನಿಗೂ ಕೊನೇಲಿ ಎಡಗೈ ಮೇಲೆ ಏಳ್ತಾ ಇರ್ಲಿಲ್ಲ’ ಎಂದರು.

ನಾನು ಒಪ್ಪಲಿಲ್ಲ. ಅವರು ಹೋದ ಮೇಲೆ ಹೆಂಡತಿ ಪಾತ್ರೆ ಒರೆಸುತ್ತಾ ಕೇಳಿದಳು: ‘ನಿಮ್ಮ ಫ್ಯಾಕ್ಟರೀಲಿ ಹಸಿರು, ಕೆಂಪು ಬಿಟ್ಟು ಇನ್ನೊಂದು ಚೀಟಿ ಇತ್ತಲ್ಲ, ಯಾವುದದು?’

ಮುಂದಿನ ವಾರ ಒಡಕಿನ ಗೆರೆ ಮುಂದುವರಿಯದಂತೆ ಹಿಂದಿನಿಂದ ಎರಡು ಸ್ಟೀಲ್ ಪಿನ್ನು ಕೂರಿಸಿ ಎಪಾಕ್ಸಿ ತುಂಬಿದೆ. ಆ ಕೆಲಸಕ್ಕೆ ಎಂಜಿನಿಯರನೇ ಬೇಕು. ಮುರಿದ ತುಂಡನ್ನು ಅಂಟಿಸಲಿಲ್ಲ. ಪೀಠದ ಮೇಲೆ ಮೊದಲ ಸಲ ನನ್ನ ಹೆಸರು ಕೆತ್ತಿದೆ, ಪಕ್ಕದಲ್ಲಿ ಚಿಕ್ಕದಾಗಿ 47. ಲಗೇಜ್ ಆಟೋ ಬಂತು. ಅವರು ಒತ್ತಾಯದಿಂದ ಹದಿನಾಲ್ಕು ಸಾವಿರ ಕೊಟ್ಟರು. ಮೊತ್ತ ನಾನು ಹೇಳಿದ್ದು, ಅದಕ್ಕಿಂತ ಹೆಚ್ಚು ಬೇಡವೆಂದೆ. ಹಾಗೇ ತೆಗೆದುಕೊಂಡು ಹೋಗಿ ಹೆಂಡತಿಯ ಕೈಯಲ್ಲಿಟ್ಟೆ. ಅವಳು ಎಣಿಸಿದಳು. ಬೀರುವಿನಲ್ಲಿಟ್ಟು ಬೀಗ ಹಾಕಿದಳು. ‘ಹದಿಮೂರು ವರ್ಷದ ಬಡ್ಡಿ?’ ಎಂದಳು.

ಆ ವರ್ಷದ ಆಯುಧಪೂಜೆಗೆ ಅವರ ವರ್ಕ್‌ಶಾಪಿಗೆ ಹೋಗಿದ್ದೆವು. ಬಾಗಿಲ ಪಕ್ಕ ಮೇಸ್ತ್ರಿ ಲೇತ್ ಕಡೆ ಮುಖ ಮಾಡಿ ನಿಂತಿದ್ದರು. ಬೆನ್ನಿಗೆ ಯಾರೋ ಕುಂಕುಮ ಇಟ್ಟಿದ್ದರು. ಕೆಲಸದ ಹುಡುಗರು ಹೋಗುತ್ತ ಬರುತ್ತ ಆ ಮುರಿದ ಭುಜ ಮುಟ್ಟಿ ಹೋಗುತ್ತಿದ್ದರು. ಅದರ ಕೊರಳಿಗೆ ನಾನು ಒಂದು ಹಳದಿ ಚೀಟಿ ಕಟ್ಟಿ ಬಂದೆ. ಅದರಲ್ಲಿ ಹಳೆಯ ಅಭ್ಯಾಸದಂತೆ ಎರಡೇ ಸಾಲು ಬರೆದಿದ್ದೆ: ಎಡ ಭುಜದಲ್ಲಿ ಒಡಕಿದೆ. ಬಳಸಬಹುದು.